ಅನುಮಸ್ತಿಷ್ಕ, ಈರ್ಯಾಸಮಿತಿ ಮತ್ತು ಪ್ರಮಾದ

ಜಿನಾಗಮದಲ್ಲಿ ಐದು ಸಮಿತಿಗಳು ಪ್ರಸಿದ್ಧವಾಗಿವೆ. ಮುಂದಿನ ನಾಲ್ಕು ಮೊಳದಷ್ಟು ನೆಲವನ್ನು ನೋಡಿ, ಜೀವಗಳಿಗೆ ಬಾಧೆಯಾಗದಂತೆ ಹೆಜ್ಜೆಯಿಡುವುದು ಈರ್ಯಾಸಮಿತಿ. ಹಿತವೂ ಮಿತವೂ ಆದ ಮಾತನ್ನಾಡುವುದು ಭಾಷಾಸಮಿತಿ. ಶುದ್ಧಾಹಾರವನ್ನು ವಿಧಿಯಂತೆ ಸ್ವೀಕರಿಸುವುದು ಏಷಣಾಸಮಿತಿ. ವಸ್ತುಗಳನ್ನು ನೋಡಿ, ಸವರಿ, ಮೆಲ್ಲನೆ ಎತ್ತುವುದೂ ಇಡುವುದೂ ಆದಾನನಿಕ್ಷೇಪಣಸಮಿತಿ. ನಿರ್ಜಂತುಕವಾದ ಸ್ಥಳದಲ್ಲಿ ಮಲಮೂತ್ರಾದಿಗಳನ್ನು ವಿಸರ್ಜಿಸುವುದು ಉತ್ಸರ್ಗಸಮಿತಿ. ಇವು ಮುನಿಗಳ ಮಹಾವ್ರತಗಳ ರಕ್ಷಣೆಗಾಗಿ ಹೇಳಲ್ಪಟ್ಟವುಗಳಾದರೂ ಶ್ರಾವಕನೂ ಯಥಾಶಕ್ತಿ ಪಾಲಿಸಬೇಕಾದವುಗಳೇ ಆಗಿವೆ.

ಈ ಐದರಲ್ಲಿಯೂ ಒಂದು ಸಂಗತಿ ಮಾತಿಲ್ಲದೆ ಅಡಗಿದೆ. ಸಂಕಲ್ಪಿಸಿದಂತೆ ಕಾಲು ನಡೆಯುತ್ತದೆ, ಕೈ ಆಡುತ್ತದೆ, ನಾಲಗೆ ಹೊರಳುತ್ತದೆ ಎಂಬ ನಂಬಿಕೆಯೇ ಅದು. ಈ ನಂಬಿಕೆ ಸುಳ್ಳಾದಾಗ ಏನಾಗುತ್ತದೆ? ಮನಸ್ಸು ಎಚ್ಚರವಾಗಿದ್ದು, ಕಣ್ಣು ನೆಲವನ್ನೇ ನೋಡುತ್ತಿದ್ದು, ಕಾಲು ಮಾತ್ರ ಬೇರೆಡೆ ಬಿದ್ದರೆ ಆ ದೋಷ ಯಾರದು? ಮೆದುಳಿನ ಒಂದು ಭಾಗದ ವಿಷಯದಲ್ಲಿ ಕಳೆದ ಎರಡು ಶತಮಾನಗಳಲ್ಲಿ ಬೆಳೆದ ತಿಳಿವಳಿಕೆ ಈ ಹಳೆಯ ಪ್ರಶ್ನೆಯನ್ನು ಹೊಸದಾಗಿ ಮುಂದಿಟ್ಟಿದೆ.

ತಲೆಯ ಹಿಂಬದಿಯಲ್ಲಿ, ದೊಡ್ಡ ಮೆದುಳಿನ ಕೆಳಗೆ, ಕುತ್ತಿಗೆಯ ಮೇಲ್ಭಾಗಕ್ಕೆ ಸಮೀಪವಾಗಿ ಅನುಮಸ್ತಿಷ್ಕವೆಂಬ ಕಿರುಮೆದುಳು ಇದೆ. ಗಾತ್ರದಲ್ಲಿ ಇದು ಇಡೀ ಮೆದುಳಿನ ಹತ್ತನೆಯ ಒಂದು ಭಾಗದಷ್ಟೇ. ಆದರೆ 2009ರಲ್ಲಿ ಪ್ರಕಟವಾದ ಒಂದು ಗಣನೆಯಂತೆ ಮನುಷ್ಯನ ಮೆದುಳಿನ ಸುಮಾರು 8,600 ಕೋಟಿ ನರಕೋಶಗಳಲ್ಲಿ ಸುಮಾರು 6,900 ಕೋಟಿ ಇಲ್ಲಿಯೇ ಇವೆ. ಇಲ್ಲಿನ ಪ್ರಧಾನ ಕೋಶಗಳನ್ನು 1837ರಲ್ಲಿ ವರ್ಣಿಸಿದ ಪುರ್ಕಿಂಜೆ ಎಂಬ ವಿದ್ವಾಂಸನ ಹೆಸರು ಅವುಗಳಿಗೆ ಇಂದಿಗೂ ನಿಂತಿದೆ. ಅನುಮಸ್ತಿಷ್ಕವು ಚಲನೆಯನ್ನು ಸ್ವತಃ ಆರಂಭಿಸುವುದಿಲ್ಲ. ಆರಂಭವಾದ ಚಲನೆಯ ಅಳತೆಯನ್ನು ನೋಡುತ್ತದೆ. ಕೈ ಎಷ್ಟು ದೂರ ಚಾಚಬೇಕು, ಎಲ್ಲಿ ನಿಲ್ಲಬೇಕು, ಯಾವ ಸ್ನಾಯುವಿನ ಹಿಂದೆ ಯಾವ ಸ್ನಾಯು ಎಷ್ಟು ಹೊತ್ತಿಗೆ ಕೆಲಸ ಮಾಡಬೇಕು ಎಂಬ ಲೆಕ್ಕವನ್ನು ಅದು ಇಡುತ್ತದೆ. ನಡೆದ ಚಲನೆಯನ್ನು ಉದ್ದೇಶಿಸಿದ ಚಲನೆಯೊಡನೆ ತಾಳೆ ನೋಡಿ, ತಪ್ಪನ್ನು ಮುಂದಿನ ಬಾರಿಗೆ ತಿದ್ದುತ್ತದೆ. ಅಂಗಡಿಯಲ್ಲಿ ಮಾಲೀಕನ ಕಣ್ಣಿಗೆ ಬೀಳದೆ ಜಮಾ ಖರ್ಚು ಸರಿದೂಗಿಸುವ ಗುಮಾಸ್ತನ ಕೆಲಸ ಅದರದು. ಅವನು ರಜೆಯಲ್ಲಿ ಹೋದಾಗಲೇ ಅವನ ಬೆಲೆ ತಿಳಿಯುವುದು.

ಈ ಅಂಗ ಕೆಟ್ಟಾಗ ಕಾಣುವ ಲಕ್ಷಣಗಳನ್ನು ಸಮಿತಿಗಳ ಪಕ್ಕದಲ್ಲಿ ಇಟ್ಟು ನೋಡಬಹುದು. ನಡಿಗೆ ತೂಗಾಡುತ್ತದೆ, ರೋಗಿಯು ಕಾಲುಗಳನ್ನು ಅಗಲಿಸಿ ನಡೆಯುತ್ತಾನೆ. ಮಾತು ತೊದಲುತ್ತದೆ, ಅಕ್ಷರಗಳು ತುಂಡುತುಂಡಾಗುತ್ತವೆ. ನುಂಗುವಾಗ ಅನ್ನ ಗಂಟಲಲ್ಲಿ ತೊಡರುತ್ತದೆ. ಲೋಟವನ್ನು ಹಿಡಿಯಲು ಚಾಚಿದ ಕೈ ಲೋಟವನ್ನು ದಾಟಿಹೋಗುತ್ತದೆ. ಈರ್ಯೆ, ಭಾಷೆ, ಏಷಣೆ, ಆದಾನನಿಕ್ಷೇಪಣ ಎಂಬ ನಾಲ್ಕೂ ಹೊರಗಿನಿಂದ ಭಂಗವಾದಂತೆಯೇ ಕಾಣುತ್ತವೆ. ಎಚ್ಚರ ಮಾತ್ರ ಒಳಗೆ ಉಳಿದಿರಬಹುದು.

ಕೊಡಗಿನ ನಾಪೋಕ್ಲುವನ್ನು ಒಂದು ದೃಷ್ಟಾಂತಕ್ಕಾಗಿ ತೆಗೆದುಕೊಳ್ಳಬಹುದು. ಕಾವೇರಿಯ ಮೇಲ್ಹರಿವಿನ ಪ್ರದೇಶದಲ್ಲಿ, ಕಾಫಿ ಮೆಣಸುಗಳ ಇಳಿಜಾರುಗಳ ನಡುವೆ ಇರುವ ಪೇಟೆ ಇದು. ಜೇನಿಗೆ ಹೆಸರಾದ ಕಕ್ಕಬ್ಬೆ ಇಲ್ಲಿಗೆ ಸಮೀಪ. ಮಳೆಗಾಲದಲ್ಲಿ ಇಲ್ಲಿನ ಹಾದಿಗಳು ಆರೋಗ್ಯವಂತನ ಕಾಲನ್ನೂ ಜಾರಿಸುತ್ತವೆ. ಇಂಥ ಊರಿನ ಅಂಗಡಿ ಸಾಲಿನಲ್ಲಿ ಐವತ್ತು ವರ್ಷದ ಒಬ್ಬನು ಹಗಲು ಹನ್ನೊಂದು ಗಂಟೆಗೆ ತೂರಾಡುತ್ತ, ಗೋಡೆ ಹಿಡಿಯುತ್ತ, ತೊದಲು ಮಾತಿನಲ್ಲಿ ಉಪ್ಪು ಕೇಳಿದನೆಂದು ಭಾವಿಸೋಣ. ನೋಡಿದವರಲ್ಲಿ ಹೆಚ್ಚಿನವರು ಹೇಳುವ ಮಾತು ಒಂದೇ: ಬೆಳಿಗ್ಗೆಯೇ ಕುಡಿದು ಬಂದಿದ್ದಾನೆ. ನಾಪೋಕ್ಲುವಾಗಲಿ, ಮೂಡಬಿದಿರೆಯಾಗಲಿ, ಹುಬ್ಬಳ್ಳಿಯಾಗಲಿ, ಈ ಮಾತು ಬದಲಾಗುವುದಿಲ್ಲ. ಅನುಮಸ್ತಿಷ್ಕದ ರೋಗಿಗಳು ಎಲ್ಲ ದೇಶಗಳಲ್ಲಿಯೂ ಕೇಳುವ ಮೊದಲ ನಿಂದೆ ಇದು.

ಈ ನಿಂದೆಗೆ ಶಾರೀರಿಕವಾದ ಒಂದು ಕಾರಣವೂ ಇದೆ. ಮದ್ಯವು ಬೇಗನೆ ಬಾಧಿಸುವ ಅಂಗಗಳಲ್ಲಿ ಅನುಮಸ್ತಿಷ್ಕವೂ ಒಂದು. ಆದುದರಿಂದ ಕುಡಿದವನ ತೂರಾಟವೂ ರೋಗಿಯ ತೂರಾಟವೂ ಒಂದೇ ಮೂಲದವು. ಹಿಮ್ಮಡಿಗೆ ಬೆರಳು ತಾಗಿಸಿ ಗೆರೆಯ ಮೇಲೆ ನಡೆಯುವಂತೆ ನರರೋಗದ ವೈದ್ಯನು ರೋಗಿಗೆ ಹೇಳುತ್ತಾನೆ. ಅನೇಕ ದೇಶಗಳಲ್ಲಿ ಪೊಲೀಸನು ಕುಡಿದು ವಾಹನ ನಡೆಸಿದನೆಂಬ ಶಂಕೆಯಿರುವವನಿಗೂ ಅದನ್ನೇ ಹೇಳುತ್ತಾನೆ. ಪರೀಕ್ಷೆ ಒಂದೇ, ಹೆಜ್ಜೆಯೂ ಒಂದೇ. ಹೊರಗಣ್ಣಿಗೆ ಇಬ್ಬರ ಭೇದ ತಿಳಿಯದು.

ಇಲ್ಲಿ ಮೊದಲನೆಯ ಶಂಕೆ ಉಂಟಾಗುತ್ತದೆ. ತೂಗಾಡುವ ಕಾಲಿನ ಕೆಳಗೆ ಇರುವೆಯೊಂದು ಸತ್ತರೆ ಇಬ್ಬರಿಗೂ ಒಂದೇ ಹಿಂಸಾದೋಷವೇ? ಇದಕ್ಕೆ ಸಮಾಧಾನವನ್ನು ಉಮಾಸ್ವಾಮಿಗಳೂ ಕುಂದಕುಂದಾಚಾರ್ಯರೂ ಬಹಳ ಹಿಂದೆಯೇ ಸ್ಪಷ್ಟಪಡಿಸಿದ್ದಾರೆ. ಪ್ರಾಣಹಾನಿಯಷ್ಟೇ ಹಿಂಸೆಯಲ್ಲ, ಪ್ರಮಾದಯೋಗದಿಂದ ಆದ ಪ್ರಾಣಹಾನಿ ಹಿಂಸೆ. ಯತ್ನಾಚಾರದಿಂದ ನಡೆಯುವ ಮುನಿಯ ಪಾದದಡಿಯಲ್ಲಿ ಅಕಸ್ಮಾತ್ತಾಗಿ ಜೀವವೊಂದು ಸತ್ತರೂ ಆ ನಿಮಿತ್ತದ ಬಂಧವಿಲ್ಲ; ಯತ್ನವಿಲ್ಲದವನಿಗೆ ಜೀವ ಸತ್ತರೂ ಬದುಕಿದರೂ ಹಿಂಸೆ ನಿಶ್ಚಿತ. ಆದುದರಿಂದ ರೋಗಿಯು ತನ್ನಿಂದಾದಷ್ಟು ನೋಡಿ, ಕೋಲು ಹಿಡಿದು, ನಿಧಾನವಾಗಿ ನಡೆದರೆ ಅವನು ಈರ್ಯಾಸಮಿತಿಯ ಭಾವವನ್ನು ಉಳಿಸಿಕೊಂಡವನೇ ಹೌದು. ಕುಡಿದವನು ತನ್ನ ಎಚ್ಚರವನ್ನು ತಾನೇ ಮಾರಿಕೊಂಡವನು. ಅವನ ಪ್ರಮಾದ ರಸ್ತೆಯಲ್ಲಿ ಆರಂಭವಾದುದಲ್ಲ, ಲೋಟವನ್ನೆತ್ತಿದ ಕ್ಷಣದಲ್ಲಿ. ಮೋಹನೀಯ ಕರ್ಮಕ್ಕೆ ನಮ್ಮ ಆಚಾರ್ಯರು ಮದ್ಯವನ್ನೇ ಉಪಮಾನವಾಗಿ ಕೊಟ್ಟಿರುವುದು ಅರ್ಥಪೂರ್ಣವಾಗಿದೆ. ಮದ್ಯ, ಮಾಂಸ, ಮಧುಗಳ ತ್ಯಾಗವನ್ನು ಶ್ರಾವಕನ ಮೂಲಗುಣಗಳಲ್ಲಿ ಎಣಿಸಿದುದಕ್ಕೂ ಇದೇ ಕಾರಣ. ಮದ್ಯವನ್ನು ತಮ್ಮ ಸಂಪ್ರದಾಯದಲ್ಲಿ ಉಳಿಸಿಕೊಂಡಿರುವ ನೆರೆಹೊರೆಯವರ ನಿಂದೆ ಇಲ್ಲಿ ಉದ್ದೇಶವಲ್ಲ. ವ್ರತವು ವ್ರತ ಹಿಡಿದವನನ್ನು ತಿದ್ದಲು ಇರುವುದೇ ಹೊರತು ನೆರೆಯವನನ್ನು ಅಳೆಯಲು ಅಲ್ಲ.

ಇವರಿಬ್ಬರ ನಡುವೆ ಮೂರನೆಯವನೊಬ್ಬನಿದ್ದಾನೆ. ಅವನ ವಿಷಯದಲ್ಲಿ ನಿರ್ಣಯ ಇಷ್ಟು ಸುಲಭವಲ್ಲ. ದೀರ್ಘಕಾಲದ ಕುಡಿತದಿಂದ, ಅದರೊಡನೆ ಬರುವ ಬಿ1 ವಿಟಮಿನ್ನಿನ ಕೊರತೆಯಿಂದ, ಅನುಮಸ್ತಿಷ್ಕದ ನಡುಪಟ್ಟಿಯ ಮೇಲ್ಭಾಗದ ಕೋಶಗಳು ನಶಿಸುತ್ತವೆ. ಕೈಗಳಿಗಿಂತ ಹೆಚ್ಚಾಗಿ ಕಾಲುಗಳು ಸೋಲುತ್ತವೆ. ಅಂಥವನು ಒಂದು ದಿನ ಕುಡಿತವನ್ನು ಬಿಟ್ಟನೆನ್ನೋಣ. ಬಿಟ್ಟುದರಿಂದ ರೋಗ ಮುಂದುವರಿಯುವುದು ಬಹುಮಟ್ಟಿಗೆ ನಿಲ್ಲಬಹುದು, ನಡಿಗೆ ಸ್ವಲ್ಪ ಸುಧಾರಿಸಲೂಬಹುದು. ಆದರೆ ಸತ್ತ ಕೋಶಗಳು ಮರಳಿ ಬರುವುದಿಲ್ಲ. ಅವನು ಇಂದು ಒಂದು ಹನಿಯನ್ನೂ ಮುಟ್ಟದೆ ತೂರಾಡುತ್ತಾನೆ. ಅವನ ಪ್ರತಿಕ್ರಮಣ ಮುಗಿದಿದೆ. ಊರಿನ ನಾಲಗೆಯ ಪ್ರತಿಕ್ರಮಣ ಆರಂಭವೇ ಆಗಿಲ್ಲ. ದಿನವೂ ಕುಡುಕನೆಂಬ ಹೆಸರನ್ನೇ ಕೇಳುವವನು, ಬಿಟ್ಟು ಬಂದ ಫಲವೇನೆಂದು ಕೇಳಿ ಮತ್ತೆ ಲೋಟದ ಕಡೆಗೆ ತಿರುಗಿದರೆ, ಆ ಪತನದಲ್ಲಿ ಮಾತನಾಡಿದವರ ಪಾಲಿಲ್ಲವೆಂದು ಹೇಳಲಾಗದು.

ಇಲ್ಲದ ದೋಷವನ್ನು ಆರೋಪಿಸುವುದಕ್ಕೆ ಶಾಸ್ತ್ರದಲ್ಲಿ ಅಭ್ಯಾಖ್ಯಾನವೆಂದು ಹೆಸರು. ಪ್ರಮಾದದ ಹದಿನೈದು ಭೇದಗಳಲ್ಲಿ ನಾಲ್ಕು ವಿಕಥೆಗಳೇ ಆಗಿವೆ. ನಾಪೋಕ್ಲುವಿನ ಅಂಗಡಿಯ ಮುಂದೆ ತೂರಾಡಿದ ರೋಗಿಯಲ್ಲಿ ಪ್ರಮಾದವಿರಲಿಲ್ಲ. ಜಗುಲಿಯ ಮೇಲೆ ಸ್ಥಿರವಾಗಿ ಕುಳಿತು ಅವನನ್ನು ಕುರಿತು ನಕ್ಕವರಲ್ಲಿ ಇತ್ತು. ದೃಢವಾದ ಕಾಲುಗಳು ದೃಢವಾದ ಭಾಷಾಸಮಿತಿಗೆ ಪ್ರಮಾಣವಲ್ಲ.

ಎರಡನೆಯ ಶಂಕೆ ಇದಕ್ಕಿಂತ ಸೂಕ್ಷ್ಮವಾದುದು. ಅನುಮಸ್ತಿಷ್ಕವು ಚಲನೆಗೆ ಮಾತ್ರ ಸಂಬಂಧಿಸಿದ್ದೆಂದು ಬಹುಕಾಲ ನಂಬಲಾಗಿತ್ತು. 1998ರಲ್ಲಿ ಅಮೆರಿಕದ ಬಾಸ್ಟನ್ ನಗರದ ಜೆರೆಮಿ ಶ್ಮಾಮನ್ ಮತ್ತು ಜಾನೆಟ್ ಶೆರ್ಮನ್ ಎಂಬ ವೈದ್ಯ ವಿದ್ವಾಂಸರು ಈ ಅಂಗಕ್ಕೆ ರೋಗ ತಗುಲಿದ 20 ಜನರನ್ನು ಪರೀಕ್ಷಿಸಿ, ಅವರಲ್ಲಿ ಯೋಜನಾಶಕ್ತಿ, ಸ್ಥಳಜ್ಞಾನ, ಭಾಷೆ ಮತ್ತು ಭಾವಗಳಲ್ಲಿಯೂ ವ್ಯತ್ಯಾಸಗಳಿರುವುದನ್ನು ವರದಿ ಮಾಡಿದರು. ಕೆಲವರು ಭಾವಶೂನ್ಯರಂತೆ ಮಂಕಾಗಿದ್ದರು. ಕೆಲವರು ಹಿಂದಿಲ್ಲದ ಅಸಂಯಮದಿಂದ, ಮಕ್ಕಳಂತೆ ವರ್ತಿಸುತ್ತಿದ್ದರು. ಕೈಯ ಅಳತೆ ತಪ್ಪುವಂತೆ ವಿಚಾರದ ಅಳತೆಯೂ ತಪ್ಪಬಹುದೆಂಬುದು ಅವರ ಅಭಿಪ್ರಾಯ. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯಲ್ಲಿಯೂ ಸ್ಕಿಜೋಫ್ರೇನಿಯಾ ರೋಗಿಗಳ ಅನುಮಸ್ತಿಷ್ಕಕ್ಕೆ ಹೊರಗಿನಿಂದ ಕಾಂತೀಯ ಸ್ಪಂದನಗಳನ್ನು ಕೊಟ್ಟು ನೋಡುವ ಸಂಶೋಧನೆ ನಡೆದಿದೆ. ಇಂಥ ಪ್ರಯೋಗಗಳು ಇನ್ನೂ ಪರೀಕ್ಷೆಯ ಹಂತದವುಗಳೇ ಹೊರತು ಸಿದ್ಧ ಚಿಕಿತ್ಸೆಗಳಲ್ಲ.

ಹಾಗಾದರೆ ಸಂಯಮವೆಂಬುದು ಕಿರುಮೆದುಳಿನ ಕೋಶಗಳ ಗುಣವೇ? ಕೋಪಿಸಿಕೊಂಡವನು ತನ್ನ ಮೆದುಳನ್ನು ತೋರಿಸಿ ಜಾರಿಕೊಳ್ಳಬಹುದೇ? ಆತ್ಮನಿಗೆ ಉಳಿದುದೇನು?

ಜೈನದರ್ಶನಕ್ಕೆ ಈ ಪ್ರಶ್ನೆ ಇತರರಿಗೆ ಆಗುವಷ್ಟು ಗಾಬರಿಯನ್ನು ಉಂಟುಮಾಡಬೇಕಾಗಿಲ್ಲ. ಮನಸ್ಸನ್ನು ದ್ರವ್ಯಮನಸ್ಸು, ಭಾವಮನಸ್ಸು ಎಂದು ವಿಭಾಗಿಸಿ, ದ್ರವ್ಯಮನಸ್ಸು ಪುದ್ಗಲವೆಂದು ನಮ್ಮ ಆಚಾರ್ಯರು ಹಿಂದೆಯೇ ನಿರ್ಣಯಿಸಿದ್ದಾರೆ. ಚಾವುಂಡರಾಯನ ಕಾಲದ ನೇಮಿಚಂದ್ರಾಚಾರ್ಯರ ಗೊಮ್ಮಟಸಾರದಲ್ಲಿ ಅದರ ಸ್ಥಾನವು ಹೃದಯದಲ್ಲಿ ಎಂಟು ದಳದ ಕಮಲದಂತೆ ಇದೆಯೆಂದು ಹೇಳಲಾಗಿದೆ. ಇಂದಿನ ವಿಜ್ಞಾನವು ತಲೆಯನ್ನು ತೋರಿಸುತ್ತದೆ. ಈ ಭೇದವನ್ನು ಮುಚ್ಚಿಡುವ ಅಗತ್ಯವಿಲ್ಲ. ಸ್ಥಾನ ಯಾವುದೇ ಇರಲಿ, ಅದು ಪುದ್ಗಲ, ಅದು ಕೆಡಬಹುದು, ಕೆಟ್ಟಾಗ ಜೀವದ ಉಪಯೋಗಕ್ಕೆ ತಡೆಯಾಗಬಹುದು ಎಂಬ ಮೂಲತತ್ತ್ವದಲ್ಲಿ ವಿರೋಧವಿಲ್ಲ. ಕಷಾಯದ ಅಂತರಂಗ ಕಾರಣ ಚಾರಿತ್ರಮೋಹನೀಯದ ಉದಯ. ರೋಗಗ್ರಸ್ತವಾದ ಅಂಗವು ಅದಕ್ಕೆ ಸಹಕಾರಿಯಾದ ನೋಕರ್ಮ. ಸಹಕಾರಿ ಕಾರಣ ಬಲವಾದಷ್ಟೂ ಜೀವದ ಪುರುಷಾರ್ಥಕ್ಕೆ ಅವಕಾಶ ಕಿರಿದಾಗುತ್ತದೆ. ಅವಕಾಶ ಕಿರಿದಾದವನಿಂದ ಪೂರ್ಣ ಸಂಯಮವನ್ನು ಬಯಸುವುದು ಅನ್ಯಾಯ; ಅವಕಾಶವುಳ್ಳವನು ರೋಗಿಯ ನೆಪವನ್ನು ತನ್ನದಾಗಿಸಿಕೊಳ್ಳುವುದು ವಂಚನೆ. ಕೋಪಿಸಿಕೊಳ್ಳುವ ವೃದ್ಧ ತಂದೆಯ ವಿಷಯದಲ್ಲಿ ಮಗನು ಮೊದಲನೆಯ ನ್ಯಾಯವನ್ನೂ, ತನ್ನ ಸ್ವಂತ ಕೋಪದ ವಿಷಯದಲ್ಲಿ ಎರಡನೆಯ ನ್ಯಾಯವನ್ನೂ ಹಿಡಿಯಬೇಕು. ಲೋಕದಲ್ಲಿ ನಡೆಯುವುದು ಬಹುಶಃ ಇದಕ್ಕೆ ವಿಪರೀತ.

2014ರಲ್ಲಿ ಚೀನಾದೇಶದಿಂದ ಬಂದ ಒಂದು ವೈದ್ಯಕೀಯ ವರದಿಯನ್ನು ಇಲ್ಲಿ ನೆನೆಯಬಹುದು. ಇಪ್ಪತ್ತನಾಲ್ಕು ವರ್ಷದ ಮಹಿಳೆಯೊಬ್ಬಳಿಗೆ ಹುಟ್ಟಿನಿಂದಲೇ ಅನುಮಸ್ತಿಷ್ಕವಿರಲಿಲ್ಲವೆಂದು ಚಿತ್ರಪರೀಕ್ಷೆಯಲ್ಲಿ ಕಂಡುಬಂದಿತು. ಆಕೆ ನಡೆಯಲು ಕಲಿತದ್ದು ಏಳನೆಯ ವಯಸ್ಸಿನಲ್ಲಿ. ನಡಿಗೆ ಅಸ್ಥಿರ, ಮಾತು ಅಸ್ಪಷ್ಟ. ಆದರೂ ಆಕೆ ಗೃಹಿಣಿಯಾಗಿ, ತಾಯಿಯಾಗಿ ಬಾಳುತ್ತಿದ್ದಳು. ಅಂಗದ ಅಭಾವದಲ್ಲಿಯೂ ಬಾಳಿಗೆ ದಾರಿಯುಂಟೆಂಬುದಕ್ಕೆ ಇದು ಸಾಕ್ಷಿ.

ಇನ್ನು ಈ ಜ್ಞಾನ ದೊರೆತ ಬಗೆಯನ್ನು ಅಹಿಂಸಾವ್ರತಿಗಳು ವಿಚಾರಿಸದೆ ಇರಲಾಗದು. 1824ರಲ್ಲಿ ಫ್ರಾನ್ಸಿನ ಫ್ಲೂರಾನ್ಸ್ ಎಂಬಾತನು ಜೀವಂತ ಪಾರಿವಾಳಗಳ ಅನುಮಸ್ತಿಷ್ಕವನ್ನು ಪದರಪದರವಾಗಿ ತೆಗೆದು, ಅವು ನಡಿಗೆಯ ಹತೋಟಿ ಕಳೆದುಕೊಳ್ಳುವುದನ್ನು ದಾಖಲಿಸಿದನು. ಮೊದಲ ಮಹಾಯುದ್ಧದಲ್ಲಿ ತಲೆಗೆ ಗುಂಡು ತಗುಲಿದ ಸೈನಿಕರನ್ನು ಪರೀಕ್ಷಿಸಿ ಗಾರ್ಡನ್ ಹೋಮ್ಸ್ ಎಂಬ ವೈದ್ಯನು ಬರೆದ ವರ್ಣನೆಗಳು ಇಂದಿಗೂ ಆಧಾರವಾಗಿವೆ. ಎರಡರಲ್ಲಿಯೂ ಹಿಂಸೆಯಿದೆ. ಆದರೆ ಮೊದಲನೆಯದರಲ್ಲಿ ತಿಳಿಯುವುದಕ್ಕಾಗಿಯೇ ಗಾಯ ಮಾಡಲಾಯಿತು. ಎರಡನೆಯದರಲ್ಲಿ ಬೇರೆಯವರು ಮಾಡಿದ ಗಾಯಕ್ಕೆ ಶುಶ್ರೂಷೆ ಮಾಡುತ್ತ ತಿಳಿಯಲಾಯಿತು. ಸಂಕಲ್ಪೀಹಿಂಸೆಯನ್ನು ಉಳಿದ ಹಿಂಸೆಗಳಿಂದ ಬೇರ್ಪಡಿಸುವ ನಮ್ಮ ವಿವೇಕ ಇಲ್ಲಿ ಉಪಯುಕ್ತ.

ಪಾರಿವಾಳಗಳ ಸಾವಿನಿಂದ ಬಂದ ತಿಳಿವಳಿಕೆಯನ್ನು ಜೈನ ರೋಗಿಯು ಬಳಸಿಕೊಳ್ಳಬಹುದೇ? ಕೃತ, ಕಾರಿತ, ಅನುಮೋದನೆಗಳೆಂಬ ಮೂರು ದ್ವಾರಗಳನ್ನು ಒಂದೊಂದಾಗಿ ನೋಡಬೇಕು. ಅವನು ಮಾಡಲಿಲ್ಲ, ಮಾಡಿಸಲಿಲ್ಲ. ಚಿಕಿತ್ಸೆ ಪಡೆದ ಮಾತ್ರದಿಂದ ಅನುಮೋದಿಸಿದಂತೆ ಆಗುವುದಿಲ್ಲ; ಆದರೆ ಬೇರೆ ಮಾರ್ಗಗಳು ಸಾಧ್ಯವಾಗಿರುವ ಕಾಲದಲ್ಲಿ ಆ ಮಾರ್ಗಗಳಿಗೆ ಬೆಂಬಲ ಕೊಡದೆ ಫಲವನ್ನು ಮಾತ್ರ ಉಂಡರೆ ಅನುಮೋದನೆಯ ನೆರಳು ತಪ್ಪದು. 1959ರಲ್ಲಿ ರಸೆಲ್ ಮತ್ತು ಬರ್ಚ್ ಎಂಬ ಇಬ್ಬರು ವಿಜ್ಞಾನಿಗಳು, ಪ್ರಾಣಿಗಳಿಗೆ ಬದಲಾಗಿ ಅನ್ಯಮಾರ್ಗಗಳನ್ನು ಹುಡುಕಬೇಕು, ಸಂಖ್ಯೆಯನ್ನು ಕಡಿಮೆ ಮಾಡಬೇಕು, ನೋವನ್ನು ತಗ್ಗಿಸಬೇಕು ಎಂಬ ಮೂರು ನಿಯಮಗಳನ್ನು ಮುಂದಿಟ್ಟರು. ನಮ್ಮ ದೇಶದಲ್ಲಿ 1960ರ ಪ್ರಾಣಿಹಿಂಸಾ ನಿವಾರಣಾ ಕಾಯಿದೆ ಪ್ರಯೋಗಗಳ ಮೇಲೆ ನಿಗಾ ಇಡುವ ಸಮಿತಿಗೆ ಅವಕಾಶ ಕೊಟ್ಟಿತು. 1998ರಲ್ಲಿ ವಿವರವಾದ ನಿಯಮಗಳು ಬಂದವು.

ಅನ್ಯಮಾರ್ಗಗಳಲ್ಲಿ ಒಂದು ಕರ್ನಾಟಕದಲ್ಲಿಯೇ ಇದೆ. ನಿಮ್ಹಾನ್ಸ್ ಸಂಸ್ಥೆಯಲ್ಲಿ 1995ರಲ್ಲಿ ಡಾ. ಎಸ್. ಕೆ. ಶಂಕರ್ ಅವರ ನೇತೃತ್ವದಲ್ಲಿ ಮಾನವ ಮೆದುಳಿನ ಭಂಡಾರವು ಸ್ಥಾಪಿತವಾಯಿತು. ಮೃತರ ಕುಟುಂಬದವರ ಒಪ್ಪಿಗೆಯಿಂದ ಪಡೆದ ಮೆದುಳುಗಳನ್ನು ಅಲ್ಲಿ ಶೈತ್ಯದಲ್ಲಿ ಕಾಪಾಡಿ ಸಂಶೋಧನೆಗೆ ಒದಗಿಸಲಾಗುತ್ತದೆ. ಆಹಾರ, ಔಷಧ, ಶಾಸ್ತ್ರ, ಅಭಯಗಳೆಂಬ ನಾಲ್ಕು ದಾನಗಳಲ್ಲಿ ಇದು ಔಷಧದಾನದ ಅಂಶವನ್ನೂ ಜ್ಞಾನದಾನದ ಅಂಶವನ್ನೂ, ಪ್ರಾಣಿಪ್ರಯೋಗ ಕಡಿಮೆಯಾದಷ್ಟೂ ಅಭಯದಾನದ ಅಂಶವನ್ನೂ ಪಡೆಯುತ್ತದೆ. ಜೀವವು ದೇಹವನ್ನು ತ್ಯಜಿಸಿದ ಬಳಿಕ ಅದು ಪುದ್ಗಲವಷ್ಟೇ ಎಂಬುದನ್ನು ಪ್ರತಿದಿನ ಓದುವ ಸಮಾಜಕ್ಕೆ ಈ ದಾನ ಕಷ್ಟವೆನಿಸಬಾರದು. ಆದರೂ ದುಃಖದಲ್ಲಿರುವ ಮನೆಯವರನ್ನು ಬಲವಂತ ಮಾಡುವುದು ದಾನದ ಲಕ್ಷಣವಲ್ಲ. ಬದುಕಿರುವಾಗ ತಾನೇ ಇಚ್ಛೆಯನ್ನು ತಿಳಿಸಿಟ್ಟಿರುವುದು ಉತ್ತಮ.

ಕುಟುಂಬಗಳಿಗೆ ಇನ್ನೊಂದು ಕಠಿಣ ಪರೀಕ್ಷೆಯಿದೆ. ಅನುಮಸ್ತಿಷ್ಕದ ಕೆಲವು ರೋಗಗಳು ವಂಶಪಾರಂಪರ್ಯವಾಗಿ ಬರುತ್ತವೆ. ಅವುಗಳಲ್ಲಿ ಎಸ್‌ಸಿಎ ಎಂದು ಕರೆಯುವ ಗುಂಪಿನ ರೋಗಗಳು ತಂದೆ ತಾಯಿಯರಲ್ಲಿ ಒಬ್ಬರಿಗಿದ್ದರೆ ಪ್ರತಿಯೊಂದು ಮಗುವಿಗೂ ನೂರಕ್ಕೆ ಐವತ್ತರಷ್ಟು ಸಂಭವವಿರುತ್ತದೆ. ಸಾಮಾನ್ಯವಾಗಿ ಇವು ನಡುವಯಸ್ಸಿನಲ್ಲಿ, ಅಂದರೆ ಮದುವೆ ಮಕ್ಕಳು ಆದ ಮೇಲೆ, ತಲೆದೋರುತ್ತವೆ. ಇವುಗಳಲ್ಲಿ ಹನ್ನೆರಡನೆಯ ಬಗೆಯು ಮೊದಲು 1999ರಲ್ಲಿ ಜರ್ಮನ್ ಮೂಲದ ಒಂದು ಅಮೆರಿಕನ್ ಕುಟುಂಬದಲ್ಲಿ ವರ್ಣಿತವಾಯಿತು. ಬಳಿಕ ಭಾರತದಲ್ಲಿ ಬಹುಮಟ್ಟಿಗೆ ಉತ್ತರದ ಅಗ್ರವಾಲ ಕುಟುಂಬಗಳಲ್ಲಿ ಕಂಡುಬಂದಿತು. ಅಗ್ರವಾಲರಲ್ಲಿ ವೈಷ್ಣವರೂ ಇದ್ದಾರೆ, ಜೈನರೂ ಇದ್ದಾರೆ. ಎಷ್ಟೋ ತಲೆಮಾರುಗಳ ಹಿಂದಿನ ಒಬ್ಬ ಪೂರ್ವಜನಿಂದ ಇದು ಹರಿದು ಬಂದಿರಬೇಕೆಂದು ಸಂಶೋಧಕರ ಅಭಿಪ್ರಾಯ. ಇದರಲ್ಲಿ ಕುಲದ ಕಳಂಕವೇನೂ ಇಲ್ಲ.

ಆದರೆ ಕಳಂಕದ ಭಯದಿಂದ ಮುಚ್ಚಿಡುವುದು ನಡೆದೇ ಇದೆ. ತಂದೆಯ ನಡುಕ ಸೊಸೆಗೆ ತಿಳಿಯುವುದು ಮದುವೆಯಾದ ಮೇಲೆ. ಸರಕಿನ ದೋಷವನ್ನು ಮರೆಸಿ ಮಾರಿದರೆ ವರ್ತಕನಿಗೆ ಅಸ್ತೇಯದಲ್ಲಿಯೂ ಸತ್ಯದಲ್ಲಿಯೂ ಅತಿಚಾರವೆಂದು ಹೇಳುವ ಸಮಾಜ, ಜೀವಮಾನದ ಸಂಬಂಧದಲ್ಲಿ ಮೌನವನ್ನು ಜಾಣತನವೆನ್ನಲಾಗದು. ಹೇಳಿದರೆ ಸಂಬಂಧ ತಪ್ಪೀತು ಎಂಬುದು ನಿಜ. ಆ ನಷ್ಟ ಸಣ್ಣದೂ ಅಲ್ಲ. ಆದರೆ ನಷ್ಟವನ್ನು ತಪ್ಪಿಸಿಕೊಳ್ಳಲು ಅದನ್ನು ತಿಳಿಯದವಳ ಲೆಕ್ಕಕ್ಕೆ ವರ್ಗಾಯಿಸುವುದು ನ್ಯಾಯವಲ್ಲ. ಇನ್ನೊಂದು ಪಕ್ಷದವರಿಗೂ ಧರ್ಮವಿದೆ. ನಂಬಿ ಹೇಳಿದ ಗುಟ್ಟನ್ನು ಬೀದಿಗೆ ತರುವುದು ಸತ್ಯವ್ರತದ ಅತಿಚಾರಗಳಲ್ಲಿಯೇ ಎಣಿಸಲ್ಪಟ್ಟಿದೆ. ಸತ್ಯ ಹೇಳಿದವನು ಊರಿನ ಬಾಯಿಗೆ ಬೀಳುವಂತಿದ್ದರೆ ಸತ್ಯ ಹೇಳುವವರು ಉಳಿಯುವುದಿಲ್ಲ. ವಂಶವಾಹಿ ಪರೀಕ್ಷೆಯನ್ನು ಪ್ರಾಪ್ತವಯಸ್ಕನು ಸಲಹೆ ಪಡೆದು ತನ್ನ ಇಚ್ಛೆಯಿಂದಲೇ ಮಾಡಿಸಿಕೊಳ್ಳಬೇಕು. ರೋಗಲಕ್ಷಣವಿಲ್ಲದ ಮಕ್ಕಳ ಮೇಲೆ ಹಿರಿಯರು ಅದನ್ನು ಹೇರಬಾರದೆಂದು ವೈದ್ಯರೂ ಹೇಳುತ್ತಾರೆ.

ಸಲ್ಲೇಖನೆಯ ಹೆಸರನ್ನು ಈ ಸಂದರ್ಭದಲ್ಲಿ ಹಗುರವಾಗಿ ಎತ್ತುವುದೂ ಸಲ್ಲದು. ನಿಂತು ಆಹಾರ ಸ್ವೀಕರಿಸುವುದು ದಿಗಂಬರ ಮುನಿಗಳ ಮೂಲಗುಣಗಳಲ್ಲಿ ಒಂದಾದುದರಿಂದ, ಕಾಲು ನಿಲ್ಲದ ಸ್ಥಿತಿ ಅವರಿಗೆ ವ್ರತದ ಪ್ರಶ್ನೆಯಾಗುತ್ತದೆ. ಗೃಹಸ್ಥನಿಗೆ ಅಂಥ ನಿಯಮವಿಲ್ಲ. ಪ್ರತೀಕಾರವಿಲ್ಲದ ಸ್ಥಿತಿಯಲ್ಲಿ, ಧರ್ಮಕ್ಕಾಗಿ, ಸ್ವಇಚ್ಛೆಯಿಂದ ಎಂಬುದು ಸಮಂತಭದ್ರಾಚಾರ್ಯರ ಉಪದೇಶದ ಸಾರ. ತೂರಾಡುವವನು ಸಾಯುತ್ತಿರುವವನಲ್ಲ. ಥೈರಾಯ್ಡ್ ನ್ಯೂನತೆ, ಬಿ1 ಅಥವಾ ಇ ವಿಟಮಿನ್ನಿನ ಕೊರತೆ, ಕೆಲವು ಔಷಧಗಳ ಅತಿಪ್ರಮಾಣ, ಗಡ್ಡೆ ಮುಂತಾದ ಕಾರಣಗಳಿಗೆ ಪ್ರತೀಕಾರವುಂಟು. ಆದುದರಿಂದ ತೂರಾಟ ಕಂಡಾಗ ಮೊದಲು ಬೇಕಾದುದು ವೈದ್ಯಪರೀಕ್ಷೆ. ನಾಪೋಕ್ಲುವಿನಂಥ ಊರಿನವರಿಗೆ 2016ರಲ್ಲಿ ಮಡಿಕೇರಿಯಲ್ಲಿ ಆರಂಭವಾದ ಕೊಡಗು ವೈದ್ಯಕೀಯ ವಿಜ್ಞಾನ ಸಂಸ್ಥೆ ಹತ್ತಿರದ ಮೊದಲ ಮೆಟ್ಟಿಲಾಗಬಹುದು. ವಿಶೇಷ ಪರೀಕ್ಷೆಗೆ ನಿಮ್ಹಾನ್ಸ್ ಇದೆ.

ಬಸದಿಗಳ ಆಡಳಿತ ಮಂಡಳಿಗಳು ಮಾಡಬಹುದಾದುದು ದೊಡ್ಡದೇನೂ ಅಲ್ಲ. ಕೊಡಗಿನಲ್ಲಿ ಕೊಂಗಾಳ್ವರ ಕಾಲದ ಮುಳ್ಳೂರಿನ ಬಸದಿಗಳಿಂದ ಹಿಡಿದು ಆರುನೂರಕ್ಕೂ ಹೆಚ್ಚು ಮೆಟ್ಟಿಲುಗಳ ಶ್ರವಣಬೆಳಗೊಳದ ದೊಡ್ಡಬೆಟ್ಟದವರೆಗೆ ನಮ್ಮ ಕ್ಷೇತ್ರಗಳೆಲ್ಲ ಕಲ್ಲಿನವು, ಮೆಟ್ಟಿಲಿನವು. ಸಣ್ಣ ಬಸದಿಯ ಮೂರು ಮೆಟ್ಟಿಲಿಗೂ ಒಂದು ಹಿಡಿಗಂಬಿ, ಗಂಧೋದಕ ಸ್ವೀಕರಿಸುವಲ್ಲಿ ಕುಳಿತುಕೊಳ್ಳಲು ಒಂದು ಪೀಠ, ಅಭಿಷೇಕದ ಕಲಶವನ್ನು ನಡುಗುವ ಕೈಯೊಡನೆ ಹಿಡಿಯಲು ಇನ್ನೊಬ್ಬನ ಕೈ, ಇಷ್ಟಾದರೆ ಎಷ್ಟೋ ಜನ ಮನೆಯಲ್ಲಿ ಕುಳಿತವರು ಮತ್ತೆ ದೇವದರ್ಶನಕ್ಕೆ ಬಂದಾರು. ಹಾಲಿನ ಕಲಶ ಚೆಲ್ಲಿದರೆ ಅಶುಭವೆಂದು ಮುಖ ಸಿಂಡರಿಸುವವರಿಗೆ ಅರ್ಚಕರೇ ಬುದ್ಧಿ ಹೇಳಬೇಕು. ಪರ್ಯುಷಣದ ಹತ್ತು ದಿನಗಳಲ್ಲಿ ಒಂದು ದಿನದ ಪ್ರವಚನವನ್ನು ಮದ್ಯತ್ಯಾಗಕ್ಕೂ, ಕುಡಿತವನ್ನು ಬಿಟ್ಟು ಬಂದವರನ್ನು ಮರಳಿ ಸೇರಿಸಿಕೊಳ್ಳುವ ಸ್ಥಿತಿಕರಣಕ್ಕೂ ಮೀಸಲಿಡಬಹುದು. ಸ್ಥಿತಿಕರಣವು ಸಮ್ಯಗ್ದರ್ಶನದ ಎಂಟು ಅಂಗಗಳಲ್ಲಿ ಒಂದು. ಜಾರಿದವನನ್ನು ಮತ್ತೆ ನಿಲ್ಲಿಸುವುದೇ ಅದರ ಅರ್ಥ. ಆ ಮಾತನ್ನು ಅಕ್ಷರಶಃ ಕೈಹಿಡಿದು ಆಚರಿಸುವ ಸಂದರ್ಭ ಅನುಮಸ್ತಿಷ್ಕದ ರೋಗಿಯ ಪಕ್ಕದಲ್ಲಿ ನಿಂತವನಿಗೆ ಪ್ರತಿದಿನವೂ ಒದಗುತ್ತದೆ.